ಮುಸ್ಯೆಯ ಟೋಪಿ, ಚಿಕ್ಕಮ್ಮನ ತಲೆಬಟ್ಟೆ

ನಮ್ಮೂರಲ್ಲಿ ಮುಸ್ಯೆಯನ್ನು ಬೈಯಬೇಕೆಂದರೆ ಮೊದಲು ಸಾಯಬೇಕು.

ಮುಸ್ಯೆ ಎಂದರೆ ನಮ್ಮ ಧಣಿ. ಬದುಕಿರುವವರು ಬೈದರೆ ಕೆಲಸ ಹೋಗುತ್ತದೆ. ಸತ್ತವರು ಬೈದರೆ ಮುಸ್ಯೆ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಸತ್ತವರ ಹಬ್ಬದ ದಿನ ಗೆದೆ ಬರುತ್ತಾನಲ್ಲ, ಅವನಿಗೆ ಎಲ್ಲ ಮಾಫಿ. ಗೆದೆ ಎಂದರೆ ಸತ್ತವರ ದೇವರು. ಹಾಗಂತ ಗಂಭೀರ ಮುಖದವನಲ್ಲ. ಯಾರ ಮೈಮೇಲೆ ಬೇಕಾದರೂ ಬರುತ್ತಾನೆ. ಮೂಗಿನಲ್ಲಿ ಮಾತಾಡುತ್ತಾನೆ, ಸೊಂಟ ಕುಣಿಸುತ್ತಾನೆ, ಪೋಲಿ ಹಾಡು ಹೇಳುತ್ತಾನೆ, ಪಾದ್ರಿಯ ತಟ್ಟೆಯಿಂದ ಹುರಿದ ಬಾಳೆಕಾಯಿ ಕದಿಯುತ್ತಾನೆ. ಏನು ಮಾಡಿದರೂ ಕೇಸಿಲ್ಲ. ಹೆಣಕ್ಕೆ ಯಾರು ನೋಟಿಸು ಕೊಡುತ್ತಾರೆ?

ನನ್ನ ಹೆಸರು ವಿಲ್ನೊ. ಮುಸ್ಯೆ ದೊರ್ವಿಲನ ಲಾವಂಚದ ಭಟ್ಟಿಗೆ ಸೌದೆ ಒಟ್ಟುವುದು ನನ್ನ ಕೆಲಸ. ಡೈಲಾಗ್ ಹೊಡೆಯುವುದು ನನ್ನ ಕಸುಬು. ಸಂತೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಜನರೇಟರ್ ಹಾಕಿ ಸಿನಿಮಾ ತೋರಿಸುತ್ತಾರೆ. ಚೀನಾದವರು ಫ್ರೆಂಚಿನಲ್ಲಿ ಬೈದುಕೊಂಡು ಹೊಡೆದಾಡುತ್ತಾರೆ. ಅವರ ತುಟಿ ಮುಚ್ಚಿದ ಮೇಲೂ ಮಾತು ಬರುತ್ತಲೇ ಇರುತ್ತದೆ. ನಾನು ಮಾತು ಕಲಿತದ್ದು ಅಲ್ಲೇ. ಅದಕ್ಕೇ ಚಿಕ್ಕಮ್ಮ, ನಿನ್ನ ಬಾಯಿ ಹೊಲಿದರೂ ಸೌಂಡ್ ನಿಲ್ಲುವುದಿಲ್ಲ ಎನ್ನುತ್ತಾಳೆ.

ಹೈಟಿಯ ನಮ್ಮ ದಕ್ಷಿಣ ತೀರದಲ್ಲಿ ಗುಡ್ಡ ಇದ್ದಲ್ಲೆಲ್ಲ ಲಾವಂಚ. ಗಂಡಸರು ಪಿಕಾಸಿಯಿಂದ ಬೇರು ಅಗೆದು ತರುತ್ತಾರೆ. ಭಟ್ಟಿಗೆ ಬಂದ ಮೇಲೆ ಅದು ಹೆಂಗಸರ ಪಾಲು. ಮನೆಯಷ್ಟು ಎತ್ತರದ ಕಬ್ಬಿಣದ ಹಂಡೆ. ಏಣಿ ಹಾಕಿ ಅದರೊಳಗೆ ಇಳಿಯಬೇಕು. ಮೇಲಿಂದ ಬೇರಿನ ಕಟ್ಟು ಬೀಳುತ್ತದೆ. ಬರಿಗಾಲಲ್ಲಿ ತುಳಿಯಬೇಕು. ತುಳಿದಷ್ಟೂ ಬೀಳುತ್ತದೆ. ಧೂಳಿಗೆ ಉಸಿರು ಕಟ್ಟುತ್ತದೆ. ಅಂಗಾಲು ಸೀಳುತ್ತದೆ. ಹಂಡೆ ತುಂಬಿದ ಮೇಲೆ ಮುಚ್ಚಳ, ಕೆಳಗೆ ನನ್ನ ಬೆಂಕಿ. ಬೆಂದ ಮೇಲೆ ಹಬೆ ಏಳುತ್ತಿರುವಾಗಲೇ ಅದೇ ಹೆಂಗಸರು ಕೊಕ್ಕೆ ಹಾಕಿ ಬೇರನ್ನು ಹೊರಗೆಳೆಯಬೇಕು. ಮೊಣಕೈವರೆಗೆ ಬೊಬ್ಬೆ. ಇಷ್ಟಾಗಿ ಬರುವುದು ಒಂದಿಷ್ಟು ಎಣ್ಣೆ. ಅದು ಹಡಗು ಹತ್ತಿ ಫ್ರಾನ್ಸಿಗೆ ಹೋಗುತ್ತದೆ. ಅಲ್ಲಿನ ಹೆಂಗಸರು ಅದನ್ನು ಸೆಂಟು ಮಾಡಿ ಕಿವಿಯ ಹಿಂದೆ ಹಚ್ಚಿಕೊಳ್ಳುತ್ತಾರಂತೆ. ಅವರು ಹಚ್ಚಿಕೊಳ್ಳುತ್ತಿರುವುದು ಹಂಡೆ ತುಳಿಯುವ ನಮ್ಮ ಜೆಸುಲಕ್ಕನ ಅಂಗಾಲನ್ನು. ಯಾರಾದರೂ ಅವರಿಗೆ ಹೇಳಬೇಕು.

ಸಂಜೆ ಗೇಟಿನಲ್ಲಿ ತಪಾಸಣೆ. ಹೆಂಗಸರು ಕೂದಲಲ್ಲಿ ಎಣ್ಣೆಯ ಸೀಸೆ ಅಡಗಿಸಿ ಒಯ್ಯುತ್ತಾರೆ ಎಂದು ಮುಸ್ಯೆಯ ಗುಮಾನಿ. ಇವತ್ತಿನವರೆಗೆ ಒಂದು ಸೀಸೆಯೂ ಸಿಕ್ಕಿಲ್ಲ. ಆದರೂ ಸಾಲಾಗಿ ನಿಲ್ಲಬೇಕು. ತಲೆಬಟ್ಟೆ ಬಿಚ್ಚಬೇಕು. ಕಾವಲಿನ ಎಲಿಫೆತ್ ಕೂದಲೊಳಗೆ ಬೆರಳಾಡಿಸುತ್ತಾನೆ. ಆಮೇಲೆ ಬಗ್ಗಿ ಮೂಸುತ್ತಾನೆ. ಮೂಸಿದರೆ ಏನು ಗೊತ್ತಾಗುತ್ತದೆ? ಇಡೀ ಊರೇ ಲಾವಂಚ. ನಮ್ಮೂರ ಹಂದಿಗಳು ಕೂಡ ಪ್ಯಾರಿಸ್ಸಿನ ಮದುಮಗಳ ಹಾಗೆ ಘಮಘಮ ಎನ್ನುತ್ತವೆ. ಗಂಡಸರಿಗೆ ಈ ತಪಾಸಣೆ ಇಲ್ಲ. ನನ್ನ ಕೂದಲ ಪೊದೆಯಲ್ಲಿ ಒಂದು ಬಕೆಟ್ ಎಣ್ಣೆ ಒಯ್ದರೂ ಕೇಳುವವರಿಲ್ಲ. ಮುಸ್ಯೆ ತನ್ನ ಟೋಪಿ ತೆಗೆದದ್ದನ್ನಂತೂ ಯಾರೂ ನೋಡಿಲ್ಲ. ಚರ್ಚಿನಲ್ಲಿ ಟೋಪಿ ತೆಗೆಯಬೇಕಾಗುತ್ತದೆ ಎಂದು ಅವನು ಚರ್ಚಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಒಳಗೆ ಬೋಳು ಎನ್ನುವುದು ಊರಿಗೇ ಗೊತ್ತು. ಬಾಯಿಬಿಟ್ಟು ಹೇಳುವವರು ಮಾತ್ರ ಇಲ್ಲ.

ನನ್ನ ಚಿಕ್ಕಮ್ಮನ ಹೆಸರು ಮೆರಿಸೆನಾ. ನನ್ನನ್ನು ಸಾಕಿದವಳು. ಹಂಡೆಯೊಳಗೆ ಇಳಿದು ಬೇರು ತುಳಿಯುವವಳು. ಈ ವರ್ಷ ಅವಳಿಗೆ ಒಂದೇ ಸಮನೆ ಕನಸು ಬಿದ್ದು, ತಲೆ ಭಾರವಾಗಿ, ನಮ್ಮ ಪೂಜಾರಿಣಿ ಮಾಂಬೊ ಅಸೆಫಿಯ ಹತ್ತಿರ ಹೋದಳು. ಮಾಂಬೊ ಎಲೆಗಳ ನೀರಿನಲ್ಲಿ ಅವಳ ತಲೆ ತೊಳೆದು, ಅವಳ ದೇವತೆಯನ್ನು ನೆತ್ತಿಯಲ್ಲಿ ಕೂರಿಸಿ, ಬಿಳಿ ಬಟ್ಟೆ ಬಿಗಿದಳು. ಅದನ್ನು ಮಾಂಬೊ ತಾನೇ ಬಿಚ್ಚುವವರೆಗೆ ತಲೆಗೆ ಹೊರಗಿನವರ ಕೈ ತಾಗಬಾರದು, ಕಣ್ಣೂ ಬೀಳಬಾರದು. ಆಗ ಆ ತಲೆ ಹಸುಗೂಸಿನ ನೆತ್ತಿಯ ಹಾಗೆ. ಯಾರು ಬೇಕಾದರೂ ಬೆರಳಿಟ್ಟು ನೋಡುವಂಥದ್ದಲ್ಲ.

ಮೊದಲ ಸಂಜೆ ಎಲಿಫೆತ್ ಅವಳನ್ನು ನೋಡಿದ. ಬಿಳಿ ಬಟ್ಟೆ ನೋಡಿದ. ಅವನೂ ನಮ್ಮವನೇ, ಅವನ ತಾಯಿಯ ತಲೆಯನ್ನೂ ಅಸೆಫಿಯೇ ತೊಳೆದದ್ದು. ಬೇಗ ಹೋಗಿಬಿಡಕ್ಕ ಎಂದು ಗೊಣಗಿ ಆಕಾಶದಲ್ಲಿ ಹಕ್ಕಿ ನೋಡಿದ. ಆದರೆ ಮುಸ್ಯೆ ವರಾಂಡದಲ್ಲಿ ಕುಳಿತಿದ್ದ. ಬೆತ್ತ ಬೀಸಿಕೊಂಡು ಇಳಿದು ಬಂದ.

"ಬಿಚ್ಚು."

"ಜೇಬು ನೋಡಿ ಮುಸ್ಯೆ, ಬುಟ್ಟಿ ನೋಡಿ. ತಲೆ ಮಾತ್ರ ನಂದಲ್ಲ. ಅದಕ್ಕೆ ಒಡೆಯರಿದಾರೆ."

"ಈ ಗೇಟಿನ ಒಳಗೆ ಒಡೆಯ ನಾನೊಬ್ಬನೇ."

ಬೆತ್ತದ ತುದಿಯನ್ನು ಬಟ್ಟೆಯ ಅಂಚಿಗೆ ಸಿಕ್ಕಿಸಿ ಎತ್ತಿದ. ಸತ್ತ ಇಲಿಯನ್ನು ಎತ್ತುತ್ತಾರಲ್ಲ, ಹಾಗೆ. ಚಿಕ್ಕಮ್ಮ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಬೊಬ್ಬೆ ಎದ್ದ ಕೈಗಳು. ಗಂಟು ಜಾರಿ ಒಂದು ಕಿವಿ ಹೊರಗೆ ಬಂತು. ಅವಳು ಕೈ ಬಿಡಲಿಲ್ಲ. ಉಳಿದ ಹೆಂಗಸರು ಬಿಚ್ಚಿದ ತಲೆಯಲ್ಲಿ ನೆಲ ನೋಡುತ್ತ ನಿಂತಿದ್ದರು. ನಾನು ಸೌದೆ ಹಿಡಿದು ನಿಂತಿದ್ದೆ. ಸಿನಿಮಾದಲ್ಲಾದರೆ ಇಲ್ಲಿ ಮ್ಯೂಸಿಕ್ ಬರುತ್ತದೆ, ಹೀರೋ ಗೋಡೆ ಒಡೆದುಕೊಂಡು ಬರುತ್ತಾನೆ. ಇಲ್ಲಿ ಒಂದು ಹಂದಿ ಗುಟುರು ಹಾಕಿತು. ಅಷ್ಟೇ.

ಮುಸ್ಯೆ ಅವಳನ್ನು ಹೊರಗೆ ಹಾಕಿದ. ಹಬ್ಬ ಮುಗಿದ ಮಾರನೇ ದಿನ ಹೊಸ ಬೇರು ಭಟ್ಟಿಗೆ ಏರುತ್ತದೆ, ಅಷ್ಟರೊಳಗೆ ತಲೆ ಬಿಚ್ಚಿಕೊಂಡು ಬಂದರೆ ಕೆಲಸ, ಇಲ್ಲದಿದ್ದರೆ ಅವಳ ಜಾಗಕ್ಕೆ ಇನ್ನೊಬ್ಬಳು ಎಂದ. ಊರಲ್ಲಿ ಬೇರೆ ಭಟ್ಟಿ ಇಲ್ಲ. ಬೇರೆ ಕೆಲಸವೂ ಇಲ್ಲ. ಚಿಕ್ಕಮ್ಮ ಮನೆಯಲ್ಲಿ ಕೂತು ಅಂಗಾಲಿನಿಂದ ಬೇರಿನ ಸಿಬಿರು ಕೀಳತೊಡಗಿದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ಸಮಾಧಾನ ಮಾಡುವ ಡೈಲಾಗುಗಳು ನನ್ನಲ್ಲಿ ಬೇಕಾದಷ್ಟಿವೆ.

ಆಗ ನನಗೆ ಐಡಿಯಾ ಬಂತು.

ಪ್ರತಿ ವರ್ಷ ಹಬ್ಬದ ಮಧ್ಯಾಹ್ನ ಸ್ಮಶಾನದಿಂದ ಮೆರವಣಿಗೆ ಹೊರಟು ಭಟ್ಟಿಯ ಗೇಟಿಗೆ ಬರುತ್ತದೆ. ಗೆದೆ ಮೂಗಿನಲ್ಲಿ ಮುಸ್ಯೆಯ ವಂಶ ಜಾಲಾಡುತ್ತಾನೆ. ಮುಸ್ಯೆ ನಗುತ್ತಾನೆ, ಎಲ್ಲರಿಗೂ ಕ್ಲೆರೆನ್ ಕುಡಿಸುತ್ತಾನೆ. ಕ್ಲೆರೆನ್ ಎಂದರೆ ನಮ್ಮ ಕಬ್ಬಿನ ಸಾರಾಯಿ. ಮಾರನೇ ಸಂಜೆ ಮತ್ತೆ ತಲೆ ಬಿಚ್ಚು. ಅವನಿಗೆ ಅದೊಂದು ಲಸಿಕೆ. ವರ್ಷಕ್ಕೊಮ್ಮೆ ಚುಚ್ಚಿಸಿಕೊಂಡರೆ ವರ್ಷವಿಡೀ ಏನೂ ತಗಲುವುದಿಲ್ಲ. ಆದರೆ ಒಂದು ಪದ್ಧತಿ ಇದೆ. ಗೆದೆಗೆ ಟೋಪಿಯ ಹುಚ್ಚು. ಅವನು ಯಾರ ಟೋಪಿ ಕೇಳಿದರೂ ಕೊಡಲೇಬೇಕು. ಇಷ್ಟು ವರ್ಷದಲ್ಲಿ ಯಾವ ಗೆದೆಯೂ ಮುಸ್ಯೆಯ ಟೋಪಿ ಕೇಳಿರಲಿಲ್ಲ. ಈ ಸಲ ಕೇಳುವ ಗೆದೆ ನಾನೇ ಆಗುತ್ತೇನೆ.

ಸಮಸ್ಯೆ ಎಂದರೆ ಪರೀಕ್ಷೆ. ಗೆದೆ ಕುಡಿಯುವುದು ಹಸಿಮೆಣಸು ನೆನೆಹಾಕಿದ ಕ್ಲೆರೆನ್. ಬರೀ ಕುಡಿಯುವುದಲ್ಲ, ಅದರಲ್ಲೇ ಕಣ್ಣು ತೊಳೆಯುತ್ತಾನೆ. ನಿಜವಾದ ಗೆದೆ ರೆಪ್ಪೆ ಅಲ್ಲಾಡಿಸುವುದಿಲ್ಲ. ಸುಳ್ಳು ಗೆದೆ ಅಮ್ಮಾ ಎನ್ನುತ್ತಾನೆ. ನಾನು ಬುದ್ಧಿವಂತ. ಸೀಸೆಗೆ ಬಾವಿಯ ನೀರು ತುಂಬಿಸಿ, ನೋಡುವವರಿಗೆ ಕಾಣಲಿ ಎಂದು ಒಂದು ಹಿಡಿ ಮೆಣಸು ಹಾಕಿದೆ. ಹಳೆಯದರ ಹಾಗೆ ಕಾಣಬೇಕಲ್ಲ, ಅದಕ್ಕೆ ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಹಾಕಿ ಮಂಚದ ಕೆಳಗೆ ಇಟ್ಟೆ. ನೀರಿಗೆ ಚಂದದ ಬಣ್ಣ ಬಂತು. ಸೆಟ್ ಪ್ರಾಪರ್ಟಿ ರೆಡಿ ಎಂದು ಖುಷಿಪಟ್ಟೆ.

ಚಿಕ್ಕಮ್ಮನಿಗೆ ಹೇಳಿದಾಗ ಬಹಳ ದಿನಗಳ ಮೇಲೆ ನಕ್ಕಳು.

"ಆಡು, ಗೆದೆಗೇನೂ ಬೇಜಾರಿಲ್ಲ. ಅವನೂ ನಿನ್ ಥರದೋನೇ. ಆದ್ರೆ ಅವನ ವೇಷ ಹಾಕ್ಕೊಂಡೋರ ಹತ್ರ ಬಾಡಿಗೆ ವಸೂಲಿ ಮಾಡ್ದೆ ಬಿಡಲ್ಲ, ಹುಷಾರು."

ಹಬ್ಬದ ದಿನ ಮುಖಕ್ಕೆ ಪೌಡರ್ ಬಳಿದುಕೊಂಡೆ. ಒಂದು ಗಾಜು ಇಲ್ಲದ ಕಪ್ಪು ಕನ್ನಡಕ, ತಾತನ ಮದುವೆಯ ಕರಿ ಕೋಟು, ಕೊರಳಲ್ಲಿ ನೇರಳೆ ಬಟ್ಟೆ. ಸ್ಮಶಾನದ ದೊಡ್ಡ ಶಿಲುಬೆಯ ಹತ್ತಿರ ಡೋಲು ಜೋರಾದಾಗ ಧೊಪ್ಪೆಂದು ಬಿದ್ದು, ಒದ್ದಾಡಿ, ಎದ್ದು ಸೊಂಟ ಕುಣಿಸಿದೆ. ಮುದುಕಿಯರು ಸಿಳ್ಳೆ ಹಾಕಿದರು. ಮಾಂಬೊ ಅಸೆಫಿ ಮಾತ್ರ ಪೈಪು ಸೇದುತ್ತ ನನ್ನನ್ನು ಒಂದು ಥರ ನೋಡಿದಳು.

ಗೇಟಿನಲ್ಲಿ ಎಲಿಫೆತ್ ಖಾಕಿ ಹಾಕಿಕೊಂಡು ಲಾಠಿ ಹಿಡಿದು ನಿಂತಿದ್ದ. ಮುಸ್ಯೆ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದ, ಶೋ ನೋಡುವವರ ಹಾಗೆ. ನಾನು ಶುರು ಮಾಡಿದೆ. ಅವನ ಹೊಟ್ಟೆಯನ್ನು ಬೈದೆ, ಅವನ ಕತ್ತೆಯನ್ನು ಹೊಗಳಿದೆ, ಅವನ ಹಾಸಿಗೆಯ ಬಗ್ಗೆ ಇಲ್ಲಿ ಬರೆಯಲಾಗದ್ದನ್ನು ಹೇಳಿದೆ. ಮುಸ್ಯೆ ತೊಡೆ ತಟ್ಟಿ ನಕ್ಕ. ಆಗ ಕೋಲನ್ನು ಅವನ ಹಣೆಯತ್ತ ಚಾಚಿದೆ.

"ಟೋಂಪಿಂ ತೆಂಗಿಂಯೋಂ. ನಿಂನ್ನಂ ತಂಲೇಲಿಂ ಏಂನಿಂದೆಂ ನೋಂಡಂಬೇಂಕುಂ."

ಡೋಲು ನಿಂತಿತು. ಮುಸ್ಯೆಯ ನಗುವೂ ನಿಂತಿತು. ಅವನು ನನ್ನನ್ನು ಒಂದು ಗಳಿಗೆ ನೋಡಿ, ಕೊಡೋಣ, ಪದ್ಧತಿ ಬಿಡೋದು ಬೇಡ, ಆದರೆ ಮೊದಲು ಗೆದೆ ಕಣ್ಣು ತೊಳೆಯಲಿ ಎಂದ.

ನಾನು ಹೀರೋ ನಡಿಗೆಯಲ್ಲಿ ಸೀಸೆ ತೆಗೆದೆ. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದೆ. ಅಂಗೈಗೆ ಸುರಿದು ಎರಡೂ ಕಣ್ಣಿಗೆ ಬಳಿದೆ.

ಬಾವಿಯ ನೀರಿರಬಹುದು. ಆದರೆ ಅಷ್ಟು ದಿನ ನೆನೆದ ಮೆಣಸಿಗೆ ತಾನು ನಾಟಕದಲ್ಲಿದ್ದೇನೆ ಎಂದು ಯಾರೂ ಹೇಳಿರಲಿಲ್ಲ.

ನಾನು ಅಮ್ಮಾ ಎನ್ನಲಿಲ್ಲ. ಅದಕ್ಕಿಂತ ಉದ್ದವಾದದ್ದೇನೋ ಕೂಗಿದೆ. ಮೂಗಿನಲ್ಲಲ್ಲ, ಶುದ್ಧ ವಿಲ್ನೊನ ಗಂಟಲಿನಲ್ಲಿ. ಕನ್ನಡಕ ಒಂದು ಕಡೆ, ಕೋಲು ಒಂದು ಕಡೆ, ನಾನು ಮಣ್ಣಿನಲ್ಲಿ. ಊರು ಬಿದ್ದು ಬಿದ್ದು ನಕ್ಕಿತು. ಜೆಸುಲಕ್ಕ ನಗುತ್ತಲೇ ಎಳನೀರು ತಂದು ಕಣ್ಣಿಗೆ ಸುರಿದಳು. ಮುಸ್ಯೆ ಎಲ್ಲರಿಗಿಂತ ಜೋರಾಗಿ ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡ. ಆಮೇಲೆ ನಗಲಿಲ್ಲ.

"ಟೋಪಿ ತೆಗಿ ಅಂತ ಹೇಳಿದ್ದು ಯಾರೋ? ಗೆದೆನಾ, ನೀನಾ?"

ಈಗ ಯಾರೂ ನಗುತ್ತಿರಲಿಲ್ಲ. ಗೆದೆ ಎಂದರೆ ಸುಳ್ಳು. ನಾನು ಎಂದರೆ ಕೆಲಸ ಹೋಯಿತು, ಪೊಲೀಸೂ ಬರಬಹುದು. ನನ್ನ ಬಾಯಿ ಆಡುತ್ತಿತ್ತು, ಮಾತು ಬರುತ್ತಿರಲಿಲ್ಲ. ಡಬ್ಬಿಂಗ್ ಮಾಡುವವನು ಟೀ ಕುಡಿಯಲು ಹೋದ ಹಾಗೆ.

"ಗೆದೆನೂ ಅಲ್ಲ, ಅವನೂ ಅಲ್ಲ. ನಾನು ಹೇಳ್ತಿರೋದು."

ಚಿಕ್ಕಮ್ಮ. ಮೆರವಣಿಗೆಯ ಹಿಂದಿನಿಂದ ಬಂದಳು. ಜನ ದಾರಿ ಬಿಟ್ಟರು. ಬಿಳಿ ತಲೆಬಟ್ಟೆ. ನಾನು ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು ನೋಡಿದೆ.

"ನಂಗೆ ಮೂಗಲ್ಲಿ ಮಾತಾಡೋಕೆ ಬರಲ್ಲ ಮುಸ್ಯೆ. ನಾನಿನ್ನೂ ಸತ್ತಿಲ್ಲ. ಮೆರಿಸೆನಾ ಅಂತ, ನಿಮ್ಮ ಹಂಡೇಲಿ ಬೇರು ತುಳಿಯೋಳು. ತಲೆ ಬಿಚ್ಚಲ್ಲ. ಕೆಲಸಾನೂ ಬಿಡಲ್ಲ. ಕಳ್ಳರನ್ನ ಹುಡುಕ್ಲೇಬೇಕು ಅಂದ್ರೆ ನಿಮ್ಮ ತಲೆಯಿಂದ ಶುರು ಮಾಡಿ."

ಕೂಗಿ ಹೇಳಲಿಲ್ಲ. ಬಾಳೆಕಾಯಿಗೆ ಉಪ್ಪು ಕಡಿಮೆಯಾಗಿದೆ ಎನ್ನುವ ದನಿಯಲ್ಲಿ ಹೇಳಿದಳು. ನಮ್ಮೂರಲ್ಲಿ ಬದುಕಿರುವವರೊಬ್ಬರು ಹಗಲು ಹೊತ್ತಿನಲ್ಲಿ, ತಮ್ಮದೇ ದನಿಯಲ್ಲಿ, ಮುಸ್ಯೆಯ ಮುಖಕ್ಕೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮುಸ್ಯೆಯೂ ಅದೇ ಮೊದಲು ಕೇಳಿದ್ದಿರಬೇಕು. ನಗಬೇಕೋ ಬೇಡವೋ ಅವನಿಗೆ ಗೊತ್ತಾಗಲಿಲ್ಲ. ಸತ್ತವರ ಮಾತಿಗಾದರೆ ನಗಬಹುದಿತ್ತು.

"ಎಲಿಫೆತ್, ಬಿಚ್ಚೋ ಅವಳ ತಲೆಬಟ್ಟೆ. ಎಲ್ಲರ ಮುಂದೆ."

ಎಲಿಫೆತ್ ಹೆಜ್ಜೆ ಇಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಚಿಕ್ಕಮ್ಮ ಈ ಸಲ ಕೈಯಿಂದ ತಲೆ ಮುಚ್ಚಿಕೊಳ್ಳಲಿಲ್ಲ. ಕೈ ಕಟ್ಟಿ ನಿಂತು ಅವನ ಕಣ್ಣನ್ನೇ ನೋಡಿದಳು. ಎಲಿಫೆತ್ ಕೈ ಎತ್ತಿದ. ಕೈ ಅಲ್ಲೇ ನಿಂತಿತು. ಲಾಠಿ ಬಿತ್ತು. ಅವನು ಹಿಂದಕ್ಕೆ ವಾಲಿದ, ಬೀಳುತ್ತಾನೆ ಎಂದುಕೊಂಡರೆ ಬೀಳಲಿಲ್ಲ, ಸೊಂಟ ಒಂದು ಸುತ್ತು ತಿರುಗಿತು. ಡೋಲಿನವನಿಗೆ ಯಾರೂ ಹೇಳಲಿಲ್ಲ, ಅವನ ಕೈ ತಾನೇ ಬಾರಿಸಿತು. ಎಲಿಫೆತ್ ನನ್ನ ಸೀಸೆ ಎತ್ತಿ ಅರ್ಧ ಗಟಗಟ ಕುಡಿದ. ಬರೀ ನೀರು ಎಂದು ಮೂಗಿನಲ್ಲಿ ಬೈದು ಉಗುಳಿದ. ಅಸೆಫಿ ತನ್ನ ಸೀಸೆ ಚಾಚಿದಳು. ಅದು ಅಸಲಿ ಕ್ಲೆರೆನ್, ಅದರಲ್ಲಿ ಮೆಣಸು ಗಂಜಿಯ ಹಾಗಿತ್ತು. ಅದನ್ನು ಎರಡೂ ಕಣ್ಣಿಗೆ ಹೊಯ್ದುಕೊಂಡ. ರೆಪ್ಪೆ ಅಲ್ಲಾಡಲಿಲ್ಲ.

ಆಮೇಲೆ ಮುಸ್ಯೆಯ ಕಡೆ ತಿರುಗಿದ.

"ಸಾಂಲಾಂಗಿಂ ನಿಂಲ್ಲೋಂ."

ಮುಸ್ಯೆ ಕುರ್ಚಿಯಿಂದ ಎದ್ದ. ಗೆದೆಯ ಮೇಲೆ ಕೈ ಮಾಡುವ ಧೈರ್ಯ ಈ ದೇಶದಲ್ಲಿ ಯಾರಿಗೂ ಇಲ್ಲ, ಅವನಿಗೂ ಇಲ್ಲ. ಗೆದೆ ಬಹಳ ನಾಜೂಕಾಗಿ, ಎರಡೇ ಬೆರಳಲ್ಲಿ, ಟೋಪಿ ಎತ್ತಿದ. ಕೆಳಗೆ ಕಲ್ಲಂಗಡಿ. ಅದರ ಮೇಲೆ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಎಳೆದು ಅಂಟಿಸಿದ ನಾಲ್ಕು ಕೂದಲು. ಗೆದೆ ಆ ನಾಲ್ಕರಲ್ಲೇ ಬೆರಳಾಡಿಸಿದ. ಹಿಂದೆ, ಮುಂದೆ, ಕಿವಿಯ ಸಂದಿಯಲ್ಲಿ, ಎಲಿಫೆತ್ ದಿನಾ ಸಂಜೆ ಮಾಡುವ ಹಾಗೆಯೇ, ಒಂಚೂರೂ ಕಡಿಮೆ ಇಲ್ಲದೆ. ಬಗ್ಗಿ ಮೂಸಿದ. ಇನ್ನೊಮ್ಮೆ ಮೂಸಿದ.

"ಸಿಂಕ್ಕಿಂತುಂ," ಎಂದ. "ಕಂಳ್ಳಂ ಸಿಂಕ್ಕಿಂದಂ."

ಮುಸ್ಯೆ ಕೂದಲು ಬೆಳೆಯಲಿ ಎಂದು ದಿನಾ ಬೆಳಿಗ್ಗೆ ಬುರುಡೆಗೆ ಬಳಿಯುತ್ತಿದ್ದದ್ದು ಲಾವಂಚದ ಎಣ್ಣೆ. ಬಿಸಿಲಿಗೆ ಕರಗಿ ಕತ್ತಿಗೆ ಇಳಿಯುತ್ತಿತ್ತು. ಮಾಂಬೊ ಅಸೆಫಿ ಪೈಪು ತೆಗೆದು, ಹತ್ತಿರ ಹೋಗಿ ಮೂಸಿ, ಹೌದು, ಅಸಲಿ ಮಾಲು ಎಂದು ಸಾಕ್ಷಿ ಹೇಳಿದಳು. ಜೆಸುಲಕ್ಕ ತಾನೂ ಮೂಸಬೇಕು ಎಂದಳು. ಅವಳ ಹಿಂದೆ ಇನ್ನೊಬ್ಬಳು. ಹೆಂಗಸರು ತಾವಾಗಿಯೇ ಸಾಲು ನಿಂತರು. ಸಾಲು ನಿಲ್ಲುವುದು ಅವರಿಗೆ ಚೆನ್ನಾಗಿ ಅಭ್ಯಾಸ. ಮುಸ್ಯೆ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತಿದ್ದ. ಆ ಭಂಗಿಯನ್ನು ನಾನು ಎಲ್ಲೋ ನೋಡಿದ್ದೆ. ಚಿಕ್ಕಮ್ಮನೂ ನೋಡಿದ್ದಳು. ಅವಳೊಬ್ಬಳೇ ಮೂಸಲು ಹೋಗಲಿಲ್ಲ.

ಆದರೆ ಅದು ಹಬ್ಬ. ಹಬ್ಬದಲ್ಲಿ ಏನು ಬೇಕಾದರೂ ನಡೆಯುತ್ತದೆ. ಮುಖ್ಯವಾದದ್ದು ಮಾರನೇ ದಿನ.

ಮಾರನೇ ಬೆಳಿಗ್ಗೆ ಚಿಕ್ಕಮ್ಮ ಬಿಳಿ ಬಟ್ಟೆ ಬಿಚ್ಚದೆಯೇ ಕೆಲಸಕ್ಕೆ ಹೊರಟಳು. ತಿರುವಿನಲ್ಲಿ ಜೆಸುಲಕ್ಕ ಸಿಕ್ಕಳು. ಜೆಸುಲಕ್ಕ ಮಿಷನ್ ಚರ್ಚಿನವಳು, ನಮ್ಮ ದೇವರುಗಳ ಹೆಸರೆತ್ತಿದರೆ ಕಿವಿ ಮುಚ್ಚಿಕೊಳ್ಳುವವಳು. ಅವಳ ತಲೆಯ ಮೇಲೂ ಬಿಳಿ ಬಟ್ಟೆ. ಪಾಸ್ಟರ್ ಕೇಳಿದರೆ ಬಿಸಿಲಿಗೆ ಎನ್ನುತ್ತೇನೆ ಎಂದಳು. ಗೇಟು ತಲುಪುವಷ್ಟರಲ್ಲಿ ದಾರಿಯೆಲ್ಲ ಬಿಳಿ. ಹಾಸಿಗೆಯ ಹೊದಿಕೆ ಹರಿದವರಿದ್ದರು, ಮಗುವಿನ ದೀಕ್ಷಾಸ್ನಾನದ ಅಂಗಿ ಕಟ್ಟಿಕೊಂಡವಳೂ ಒಬ್ಬಳಿದ್ದಳು, ತೋಳು ಕಿವಿಯ ಪಕ್ಕ ನೇತಾಡುತ್ತಿತ್ತು. ಎಲಿಫೆತ್ ಗೇಟು ತೆಗೆದ. ಎಲ್ಲರೂ ಒಳಗೆ ಹೋಗಿ ಹಂಡೆಗೆ ಇಳಿದು ತುಳಿದರು.

ಸಂಜೆ ಗೇಟಿಗೆ ಬಂದು ಸಾಲಾಗಿ ನಿಂತರು. ಒಬ್ಬಳೂ ಗಂಟಿಗೆ ಕೈ ಹಾಕಲಿಲ್ಲ. ಮುಸ್ಯೆ ಹೊಸ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು ಬಂದ. ನಿನ್ನೆಯದು ಸತ್ತವರ ತಮಾಷೆ, ಇವತ್ತು ಬದುಕಿರುವವರ ಕಾನೂನು ಎಂದ. ಪರವಾಗಿಲ್ಲ, ಒಳ್ಳೆಯ ಡೈಲಾಗ್. ತಪಾಸಣೆ ಮಾಡು ಎಂದು ಎಲಿಫೆತ್‌ಗೆ ಹೇಳಿದ.

ಎಲಿಫೆತ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಮುಸ್ಯೆ, ನಿನ್ನೆ ನಾನು ಏನು ಮಾಡ್ದೆ ಅಂತ ನಂಗೆ ನೆನಪಿಲ್ಲ. ಇವತ್ತು ಏನು ಮಾಡಲ್ಲ ಅಂತ ಮಾತ್ರ ಗೊತ್ತು."

ನಾನು ಇಷ್ಟು ಸಿನಿಮಾ ನೋಡಿದ್ದೇನೆ, ಇಂಥ ಡೈಲಾಗ್ ಕೇಳಿಲ್ಲ. ಅದೂ ಒಬ್ಬ ವಾಚ್‌ಮನ್ ಬಾಯಲ್ಲಿ.

ಮುಸ್ಯೆ ಎಲ್ಲರನ್ನೂ ಕೆಲಸದಿಂದ ತೆಗೆಯುತ್ತೇನೆ ಎಂದ. ಹೆಂಗಸರು ಅಲ್ಲೇ ಕುಳಿತರು. ತಪಾಸಣೆ ಇಲ್ಲದೆ ಹೋಗಲು ಬಿಟ್ಟರೆ ಹೋಗುತ್ತೇವೆ, ಇಲ್ಲದಿದ್ದರೆ ಕಾಲು ಚಾಚಿಕೊಂಡು ಇಲ್ಲೇ ಇರುತ್ತೇವೆ, ಕಾಲಿಗೂ ವಿಶ್ರಾಂತಿ ಬೇಕು ಎಂದಳು ಚಿಕ್ಕಮ್ಮ. ಗೇಟಿನ ಆಚೆ ಮುಂದಿನ ಪಾಳಿಯವರು ಬಂದು ನಿಂತಿದ್ದರು. ಅವರ ತಲೆಗಳೂ ಬಿಳಿ. ಹಂಡೆಯೊಳಗೆ ಹೊಸ ಬೇರು ಬೇಯುತ್ತಿತ್ತು. ನಾನು ಕೈಯಲ್ಲಿದ್ದ ಸೌದೆಯನ್ನು ಕೆಳಗಿಟ್ಟು ಅವರ ಪಕ್ಕ ಹೋಗಿ ಕುಳಿತೆ. ಏನೂ ಹೇಳಲಿಲ್ಲ. ಚಿಕ್ಕಮ್ಮ ಆಶ್ಚರ್ಯದಿಂದ ನನ್ನ ಹಣೆ ಮುಟ್ಟಿ ನೋಡಿದಳು, ಜ್ವರವೇನೋ ಎಂದು.

ಬೆಂಕಿ ಕೆಂಪಾಯಿತು, ಆಮೇಲೆ ಬೂದಿಯಾಗತೊಡಗಿತು. ಕೊಳವೆಯ ತುದಿಯಲ್ಲಿ ಎಣ್ಣೆ ತೊಟ್ಟಿಕ್ಕುವುದು ನಿಧಾನವಾಯಿತು. ನಿಂತಿತು. ಮುಸ್ಯೆ ಹಂಡೆ ನೋಡಿದ, ನಮ್ಮನ್ನು ನೋಡಿದ, ಮತ್ತೆ ಹಂಡೆ ನೋಡಿದ. ಹೋಗಿ ಎಂದೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಎಲಿಫೆತ್ ಗೇಟಿನ ಎರಡೂ ಬಾಗಿಲು ಹಾರು ಹೊಡೆದ. ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಹೊರಗೆ ಬಂದರು. ಗೇಟಿನ ನಡುವೆ ಚಿಕ್ಕಮ್ಮ ಒಂದು ಗಳಿಗೆ ನಿಂತು, ಕನ್ನಡಿಯ ಮುಂದೆ ನಿಂತವರ ಹಾಗೆ ಎರಡೂ ಕೈಯಿಂದ ಗಂಟು ಸರಿಮಾಡಿಕೊಂಡಳು. ಆಮೇಲೆ ನಡೆದಳು.

ಅಲ್ಲಿಂದ ತಪಾಸಣೆ ನಿಂತಿದೆ. ಎಣ್ಣೆ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಹಡಗು ಹತ್ತುತ್ತಿದೆ.

ನಿಜವಾಗಿ ಗೆದೆ ಬಂದಿದ್ದನೋ, ನೀನೇ ಆಡಿದೆಯೋ ಎಂದು ಎಲಿಫೆತ್‌ನನ್ನು ಕೇಳಿಯೇ ಕೇಳಿದೆ. ಅವನ ಕಣ್ಣು ಎಳನೀರಿನ ಹಾಗೆ ತಿಳಿಯಾಗಿತ್ತು. ನನ್ನದು ಇನ್ನೂ ಟೊಮ್ಯಾಟೊ. ಅವನು ನನ್ನ ತಲೆಯ ಕಡೆ ಬಗ್ಗಿ, ಮೂಸಿ, ಮೂಗು ಹಿಡಿದುಕೊಂಡು ಹೇಳಿದ.

"ಸ್ನಾಂನಂ ಮಾಂಡೋಂ."

ಮುಸ್ಯೆಯ ಹಳೆಯ ಟೋಪಿ ಈಗ ಮಾಂಬೊ ಅಸೆಫಿಯ ಅಂಗಳದಲ್ಲಿ ಗೆದೆಯ ಶಿಲುಬೆಯ ಮೇಲಿದೆ. ಶಿಲುಬೆಗೆ ಅದು ಚೆನ್ನಾಗಿ ಒಪ್ಪುತ್ತದೆ, ಅವನಿಗಿಂತ ಚೆನ್ನಾಗಿ. ಬೇಕಿದ್ದರೆ ಬಂದು ತೆಗೆದುಕೊಂಡು ಹೋಗಲಿ ಎಂದು ಚಿಕ್ಕಮ್ಮ ನನ್ನ ಕೈಲಿ ಹೇಳಿ ಕಳಿಸಿದ್ದಾಳೆ. ಹೆದರಬೇಕಾಗಿಲ್ಲ, ನಮ್ಮ ಗೇಟಿನಲ್ಲಿ ತಪಾಸಣೆ ಇಲ್ಲ.